ಸಿದ್ದಾಜಮ್ಮನ ಹೊಸ ಹೊಸ್ತಿಲು

ಪಿಯುಸಿ ಫಲಿತಾಂಶ ಬಂದಿತೆಂದರೆ ನಮ್ಮೂರಿನ ಬಡಗಿಗಳು ಕೈಗೆ ಸಿಗುವುದಿಲ್ಲ. ಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಬೇಕು, ಫೀಸು ಕಟ್ಟುವ ಶಕ್ತಿಯಿಲ್ಲ ಎನ್ನುವವರೆಲ್ಲ ತಮ್ಮ ಮನೆಯ ಹೊಸ್ತಿಲನ್ನು ಕೀಳಿಸಿ, ಅರಿಸಿನದ ಬಟ್ಟೆಯಲ್ಲಿ ಸುತ್ತಿ, ಸಹಾಯಧನದ ಕಚೇರಿಗೆ ಹೊತ್ತುಕೊಂಡು ಹೋಗಬೇಕು. ಅಲ್ಲಿಯ ಹಜಾರದ ನಡುವೆ ಹೊಸ್ತಿಲಿಲ್ಲದ ಒಂದು ಬಾಗಿಲ ಚೌಕಟ್ಟನ್ನು ನಿಲ್ಲಿಸಿದ್ದಾರೆ. ತಂದದ್ದನ್ನು ಅದರ ಬುಡದಲ್ಲಿ ಕೂರಿಸಿ ಒಂದು ಚೊಂಬು ನೀರು ಹಾಕಿದರೆ ಹೊಸ್ತಿಲು ಮಾತಾಡುತ್ತದೆ. ಮನೆಯ ಒಳಗಿನ ಗುಟ್ಟು ಅದಕ್ಕೆ ತಿಳಿಯದು. ತನ್ನನ್ನು ದಾಟಿ ಯಾರು ಬಂದರು, ಯಾರು ಹೋದರು, ಅವರ ಕೈಯಲ್ಲಿ ಏನಿತ್ತು ಎಂಬುದಷ್ಟೇ ಅದರ ವಿದ್ಯೆ. ಆದರೆ ಅಷ್ಟನ್ನು ಅದು ಮರೆಯುವುದಿಲ್ಲ, ಸುಳ್ಳು ಹೇಳುವುದಿಲ್ಲ. ಯಾರು ದಿನಾ ಬೆಳಿಗ್ಗೆ ಅದನ್ನು ತೊಳೆದು ರಂಗೋಲಿ ಎಳೆಯುತ್ತಾರೋ ಅವರ ದನಿಯಲ್ಲೇ ಮಾತಾಡುತ್ತದೆ. ಅದು ಹೇಳಿದ್ದನ್ನು ಕೇಳಿ, ಈ ಮನೆಯ ಮಗುವಿಗೆ ನೆರವು ಬೇಕೋ ಬೇಡವೋ ಎಂದು ಕಚೇರಿಯ ಮೇಡಂ ತೀರ್ಮಾನ ಮಾಡುತ್ತಾರೆ. ಓದಬೇಕಾದ ಹುಡುಗ ಅಥವಾ ಹುಡುಗಿ ಎದುರಿಗೇ ಕೂತು ಕೇಳಬೇಕು. ಯಾರು ಹೊಟ್ಟೆ ಕಟ್ಟಿ ತನ್ನನ್ನು ಓದಿಸುತ್ತಿದ್ದಾರೆ ಎನ್ನುವುದು ಓದುವವರಿಗೆ ತಿಳಿದಿರಲಿ ಎಂದು ಹಿಂದಿನವರು ಮಾಡಿದ ಕಟ್ಟಳೆ ಅದು. ಮಾಡಿದವರು ಒಳ್ಳೆಯವರೇ ಇರಬೇಕು. ಅವರ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲವೆಂದು ಕಾಣುತ್ತದೆ.

ಕಟ್ಟಳೆ ಇದ್ದಲ್ಲಿ ಬುದ್ಧಿವಂತರೂ ಇರುತ್ತಾರಲ್ಲ. ನಮ್ಮೂರಿನ ಅನುಕೂಲಸ್ಥರ ಮನೆಗಳನ್ನು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ, ಹಿತ್ತಿಲ ಕಡೆಯ ಕಿಟಕಿ ಮುಂಬಾಗಿಲಿಗಿಂತ ದೊಡ್ಡದಾಗಿರುತ್ತದೆ. ಅಕ್ಕಿ ಮೂಟೆ, ಎಣ್ಣೆ ಡಬ್ಬ, ಹೊಸ ಬೀರು, ಎಲ್ಲವೂ ಆ ಕಿಟಕಿಯಿಂದಲೇ ಒಳಗೆ ಹೋಗುತ್ತವೆ. ಯಜಮಾನ ಮಾತ್ರ ಮುಂಬಾಗಿಲಿನಿಂದ ಕೈಬೀಸಿಕೊಂಡು ಓಡಾಡುತ್ತಾನೆ. ಮಗ ಹುಟ್ಟಿದ ದಿನದಿಂದ ಹೀಗೆ ಕಿಟಕಿಯಲ್ಲಿ ಸಂಸಾರ ಮಾಡಿದರೆ, ಅವನು ಕಾಲೇಜಿಗೆ ಬರುವ ಹೊತ್ತಿಗೆ ಹೊಸ್ತಿಲು ಆಣೆ ಇಟ್ಟು ಹೇಳುತ್ತದೆ, ಈ ಮನೆಗೆ ಒಂದು ಕಾಳೂ ಬಂದಿಲ್ಲವೆಂದು. ನಮ್ಮ ಬೀದಿಯವು ಒಂದೇ ಕೋಣೆಯ ವಠಾರದ ಮನೆಗಳು. ಹಿತ್ತಿಲೂ ಇಲ್ಲ, ಕಿಟಕಿಯೂ ಇಲ್ಲ. ಬಂದದ್ದೆಲ್ಲ ಹೊಸ್ತಿಲ ಮೇಲೇ ಬರಬೇಕು, ಹೋದದ್ದೆಲ್ಲ ಅದರ ಮೇಲೇ ಹೋಗಬೇಕು.

ನನ್ನ ಹೆಸರು ಲೀಲಾವತಿ. ಸೀರೆಗೆ ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟಿ ಜೀವನ ಮಾಡುವವಳು. ಗಂಡ ಸತ್ತಿದ್ದಾನೆ, ಮಕ್ಕಳಿಲ್ಲ, ಬಾಯಿ ಸ್ವಲ್ಪ ಜೋರು. ನನ್ನ ಗೋಡೆಗೆ ಗೋಡೆ ಸೇರಿದ ಮನೆ ಸಿದ್ದಾಜಮ್ಮನದು. ಅವಳು ಮದುವೆ ಛತ್ರದಲ್ಲಿ ಪಾತ್ರೆ ತೊಳೆಯುತ್ತಾಳೆ. ಅವಳ ಗಂಡ ಮಹದೇವ, ಮಗಳಿಗೆ ಹಲ್ಲು ಮೂಡುವ ಮೊದಲೇ, ಇವಳು ಛತ್ರದಲ್ಲಿದ್ದ ಒಂದು ಮಧ್ಯಾಹ್ನ ಮನೆ ಬಿಟ್ಟು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮಗು ತೊಟ್ಟಿಲಲ್ಲಿ ಅಳುತ್ತಿತ್ತು, ಬಾಗಿಲು ತೆರೆದಿತ್ತು. ಅಷ್ಟೇ ಅವಳು ಕಂಡದ್ದು.

ಆ ಮಗು ಕೋಮಲ. ಮಾತು ಬಂದ ಮೇಲೆ ಅಪ್ಪ ಎಲ್ಲಿ ಎಂದು ಕೇಳತೊಡಗಿತು. ದೂರದಲ್ಲಿ ದೊಡ್ಡ ಸೇತುವೆ ಕಟ್ಟುತ್ತಿದ್ದಾರೆ, ನಿನ್ನ ಅಪ್ಪ ಅಲ್ಲಿ ಮೇಸ್ತ್ರಿ, ಬೆಳಗಿನ ಜಾವ ಬರುತ್ತಾನೆ, ನಿನ್ನ ತಲೆ ಸವರಿ, ನೀನು ಏಳುವ ಮೊದಲೇ ಹೊರಟುಬಿಡುತ್ತಾನೆ ಎಂದು ಸಿದ್ದಾಜಮ್ಮ ಹೇಳಿದಳು. ಬಾಯಿಮಾತಿನಲ್ಲೇ ಬಿಟ್ಟಿದ್ದರೆ ಅದು ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಇವಳು ಅಪ್ಪ ತಂದದ್ದೆಂದು ಒಂದು ಸಲ ಕಡಲೆ ಮಿಠಾಯಿ, ಇನ್ನೊಂದು ಸಲ ಕಂಪಾಸ್ ಪೆಟ್ಟಿಗೆ, ಮತ್ತೊಂದು ಸಲ ಹೊಸ ಚಪ್ಪಲಿ, ಹೀಗೆ ಮಗುವಿನ ದಿಂಬಿನ ಪಕ್ಕದಲ್ಲಿ ಇಡುತ್ತ ಬಂದಳು. ಕೋಮಲ ಅವನ್ನು ಹಿಡಿದುಕೊಂಡು ಬೀದಿಯ ಮನೆಮನೆಗೂ ಬಂದು ತೋರಿಸುವಳು. ನಾವೆಲ್ಲ ಹೌದಾ, ನಿಮ್ಮಪ್ಪ ಬಂದಿದ್ನಾ, ನಾವು ನೋಡ್ಲೇ ಇಲ್ವಲ್ಲ ಎನ್ನುತ್ತಿದ್ದೆವು. ಬೀದಿಯವರೆಲ್ಲ ಸೇರಿ ಆ ಸುಳ್ಳನ್ನು ಸಾಕಿ ಬೆಳೆಸಿದೆವು. ಹುಡುಗಿ ದೊಡ್ಡವಳಾದ ಮೇಲೆ ಅಪ್ಪನ ಸುದ್ದಿ ಎತ್ತುವುದು ಕಡಿಮೆಯಾಯಿತು, ಆದರೆ ಸುಳ್ಳೆಂದು ಯಾರೂ ಯಾರಿಗೂ ಹೇಳಲಿಲ್ಲ.

ಓದಿನಲ್ಲಿ ಕೋಮಲ ಚುರುಕು. ರಜೆಯಲ್ಲಿ ಅಮ್ಮನ ಜೊತೆ ಛತ್ರಕ್ಕೆ ಹೋಗಿ ಪಾತ್ರೆ ಬೆಳಗುವಾಗ, ಹುಣಸೇಹಣ್ಣು ಹಚ್ಚಿದರೆ ಹಿತ್ತಾಳೆ ಯಾಕೆ ಹೊಳೆಯುತ್ತದೆ, ಉಪ್ಪು ಸೇರಿಸಿದರೆ ಇನ್ನೂ ಯಾಕೆ ಹೊಳೆಯುತ್ತದೆ ಎಂದು ಅಡುಗೆಯವರ ತಲೆ ತಿನ್ನುತ್ತಿದ್ದಳು. ರಸಾಯನಶಾಸ್ತ್ರವನ್ನೇ ಓದುತ್ತೇನೆಂದು ಹಟ. ಪಿಯುಸಿಯಲ್ಲಿ ಕಾಲೇಜಿಗೆ ಮೊದಲಿಗಳಾದಳು. ವಿಶ್ವವಿದ್ಯಾಲಯದಲ್ಲಿ ಸೀಟೂ ಸಿಕ್ಕಿತು. ಸಹಾಯಧನ ಸಿಗದಿದ್ದರೆ ಆ ಸೀಟು ಬೇರೆಯವರ ಪಾಲಾಗುತ್ತಿತ್ತು.

ನಾನು ಸಿದ್ದಾಜಮ್ಮನಿಗೆ ಹೇಳಿದೆ, "ನಿನಗೆ ಕೊಡದೆ ಇನ್ಯಾರಿಗೆ ಕೊಡ್ತಾರೆ? ನಿನ್ನ ಹೊಸ್ತಿಲು ಬಾಯಿ ಬಿಟ್ರೆ ಆ ಮೇಡಂ ಕಣ್ಣಲ್ಲೂ ನೀರು ಬರುತ್ತೆ. ನಾಳೆನೇ ಬಡಗಿ ಕರೆಸು."

ಅವಳು ಕೂತಲ್ಲೇ ಕೂತಿದ್ದಳು. "ಅದು ಎಲ್ಲಾನೂ ಹೇಳುತ್ತಾ ಲೀಲಕ್ಕ?"

"ಎಲ್ಲಾನೂ ಹೇಳುತ್ತೆ."

"ಕೋಮಲನ ಎದುರಿಗೇ ಹೇಳುತ್ತಾ?"

"ಕಟ್ಟಳೆನೇ ಹಂಗಲ್ವಾ."

"ಅವರಪ್ಪ ಹೋದದ್ದು, ಆಮೇಲೆ ಒಂದು ದಿನನೂ ಬರದೇ ಇದ್ದದ್ದು?"

ಅವಳ ಹೆದರಿಕೆ ಏನೆಂದು ಆಗ ನನಗೆ ಹೊಳೆಯಿತು. ಹಸಿವಿನ ಬಗ್ಗೆ, ಛತ್ರದ ಎಂಜಲು ಪಾತ್ರೆಯ ಬಗ್ಗೆ ಅವಳಿಗೆ ನಾಚಿಕೆ ಇರಲಿಲ್ಲ. ಮಗಳ ಅಪ್ಪನನ್ನು ಮಗಳ ಕಣ್ಣೆದುರಿಗೇ ಕಳೆಯಬೇಕಲ್ಲ ಎನ್ನುವುದು ಅವಳ ಸಂಕಟ. "ಹುಡುಗಿ ದೊಡ್ಡವಳಾಗಿದಾಳೆ ಸಿದ್ದಾಜಿ. ನೀನೇ ಕೂರಿಸ್ಕೊಂಡು ಹೇಳಿಬಿಡು" ಎಂದೆ. ಅವಳು ತಲೆ ಆಡಿಸಿದಳು. ಹೇಳುತ್ತೇನೆ ಎಂದೋ ಹೇಳಲಾರೆ ಎಂದೋ ತಿಳಿಯಲಿಲ್ಲ, ನಾನೂ ಕೆದಕಲಿಲ್ಲ.

ಹೊಸ್ತಿಲ ಮಾತು ಕೇಳುವ ದಿನ ಗೊತ್ತಾದ ಮೇಲೆ, ಅಲ್ಲಿಯವರೆಗೆ ಓದುವ ಮಕ್ಕಳು ತಮ್ಮ ಮನೆಯಲ್ಲಿ ಇರುವ ಹಾಗಿಲ್ಲ. ಹಿಂದೆ ಯಾರೋ ಹುಡುಗರು ಹೊಸ್ತಿಲಿನ ಕಿವಿಯಲ್ಲಿ ಪಾಠ ಹೇಳಿಕೊಡಲು ಹೋಗಿದ್ದರಂತೆ, ಅದಕ್ಕೇ ಈ ನಿಯಮ. ಕೋಮಲ ನನ್ನ ಮನೆಗೆ ಬಂದಳು. ನೆರೆಯವರೊಬ್ಬರು ಸಾಕ್ಷಿಗೆ ಬರಬೇಕು, ಅದಕ್ಕೂ ನಾನೇ. ಹುಡುಗಿ ನನ್ನ ಪಕ್ಕ ಕೂತು ಸೀರೆಗೆ ಕುಚ್ಚು ಕಟ್ಟುವುದನ್ನು ಕಲಿತಳು. ಒಂದು ಸಲ ಕೇಳಿದಳು, "ದೊಡ್ಡಮ್ಮ, ಹೊಸ್ತಿಲು ಶುರುವಿಂದ ಹೇಳುತ್ತಾ, ಈಚೆಯಿಂದ ಹೇಳುತ್ತಾ?"

"ಮೇಡಂ ಎಲ್ಲಿಂದ ಕೇಳ್ತಾರೋ ಅಲ್ಲಿಂದ. ಯಾಕೆ?"

"ಶುರುವಿಂದ ಕೇಳ್ಲಿ ಅಂತ" ಎಂದು ಕುಚ್ಚಿನ ಗಂಟು ಬಿಗಿದಳು.

ಬಡಗಿ ಬಂದು ಹೋದದ್ದನ್ನು ನಾನು ಕಂಡೆ. ಹೊಸ್ತಿಲು ಸಡಿಲ ಮಾಡಲು ಬಂದಿರಬೇಕು ಎಂದುಕೊಂಡೆ, ಆ ವಾರ ಬೀದಿಯಲ್ಲೆಲ್ಲ ಅದೇ ಸದ್ದು. ಮಾರನೆಯ ದಿನ ಸಿದ್ದಾಜಮ್ಮನ ಮನೆಯಿಂದ ಬೇಳೆ ಬೇಯುವ ವಾಸನೆ ಬಂತು. ಮಧ್ಯಾಹ್ನ ಪಾತ್ರೆ ತುಂಬ ಒಬ್ಬಟ್ಟು ತಂದಳು, ಮೇಲೆ ತುಪ್ಪ. ಛತ್ರದ ಅಡುಗೆಯವರನ್ನು ಕಾಡಿಬೇಡಿ ಸಾಮಾನು ತಂದಿದ್ದಳಂತೆ. "ಮಗು ಒಳ್ಳೆ ಕೆಲಸಕ್ಕೆ ಹೋಗ್ತಿದೆ, ಬಾಯಿ ಸಿಹಿ ಮಾಡ್ಕೊಂಡು ಹೋಗ್ಲಿ" ಎಂದಳು. ಎಷ್ಟೋ ವರ್ಷದಿಂದ ಅವಳ ಮುಖದಲ್ಲಿ ಕಾಣದ ನಿರಾಳ ಅವತ್ತು ಕಂಡಿತು. ಮಗಳಿಗೆ ನಿಜ ಹೇಳಲು ಧೈರ್ಯ ಬಂದಿದೆ ಎಂದು ನಾನು ತಿಳಿದೆ. ಮೂರೂ ಜನ ಕೂತು ಹೊಟ್ಟೆ ತುಂಬ ತಿಂದೆವು.

ಮಾರನೆಯ ದಿನ ಕಚೇರಿಯ ಹಜಾರದಲ್ಲಿ ನಮಗಿಂತ ಮೊದಲು ರೇಷ್ಮೆ ಅಂಗಡಿಯ ವಿರೂಪಾಕ್ಷಪ್ಪನ ಮಗನ ಸರದಿ. ತೇಗದ ಹೊಸ್ತಿಲು, ನಾಲ್ಕು ಆಳು ಹೊತ್ತು ತಂದಿದ್ದರು. ನೀರು ಹಾಕಿದೊಡನೆ ಅದು ಅವರ ಮನೆಗೆಲಸದವಳ ದನಿಯಲ್ಲಿ ಶುರು ಮಾಡಿತು. "ಯಜಮಾನರು ಹೋದ್ರು, ಕೈ ಬರಿದು. ಯಜಮಾನರು ಬಂದ್ರು, ಕೈ ಬರಿದು. ಅಮ್ಮಾವ್ರು ಹೋದ್ರು, ಕೈ ಬರಿದು." ಕೇಳಿ ಕೇಳಿ ನನಗೆ ಆಕಳಿಕೆ ಬಂತು. ಮೇಡಂ ತಿರುಮಲಾಂಬ ಅವರು ಹಣೆ ಒತ್ತಿಕೊಂಡು ಪೂರ್ತಿ ಫೀಸು ಮಾಫಿ ಎಂದು ಹೇಳಿದರು. ಅವರಿಗೆ ತಿಳಿಯದೆ ಇರಲಿಲ್ಲ, ಆದರೆ ಹೊಸ್ತಿಲು ಹೇಳಿದ್ದನ್ನು ಮೀರುವ ಅಧಿಕಾರ ಅವರಿಗಿಲ್ಲ. ವಿರೂಪಾಕ್ಷಪ್ಪ ಬಡವನ ಹಾಗೆ ಕೈಮುಗಿದ. ಅದನ್ನೂ ಅಭ್ಯಾಸ ಮಾಡಿಕೊಂಡು ಬಂದಿದ್ದ.

ನಮ್ಮದನ್ನು ತಂದಿಟ್ಟು ಬಟ್ಟೆ ಬಿಚ್ಚಿದರು. ಹಲಸಿನ ಮರ, ಹೊಚ್ಚ ಹೊಸದು, ಅರಿಸಿನಕ್ಕಿಂತ ಹಳದಿ. ಸಿದ್ದಾಜಮ್ಮನ ಮನೆಯ ಹೊಸ್ತಿಲು ನಡುವೆ ಸವೆದು ತಗ್ಗಾದ ಕರಿಮರ, ಅದನ್ನು ದಾಟುವಾಗ ನಾನೇ ಎಷ್ಟು ಸಲ ಎಡವಿದ್ದೆ. ನಾನು ಅವಳ ಕಡೆ ತಿರುಗಿದೆ. ಅವಳು ನೆಲ ನೋಡುತ್ತಿದ್ದಳು. ಅವಳ ಕಾಲಿನ ಕಡೆ ಕಣ್ಣು ಹೋಯಿತು. ಬೆರಳುಗಳಲ್ಲಿ ಕಾಲುಂಗುರವಿರಲಿಲ್ಲ. ಬಿಟ್ಟು ಹೋದವನ ಹೆಸರಿನಲ್ಲಿ ಇಷ್ಟು ವರ್ಷ ಉಪವಾಸದ ದಿನಗಳಲ್ಲೂ ತೆಗೆಯದೆ ಇಟ್ಟುಕೊಂಡಿದ್ದ ಬೆಳ್ಳಿ ಅದು. ಅದನ್ನು ಬಡಗಿಗೆ ಕೊಟ್ಟು ಹೊಸ ಮರ ಮಾಡಿಸಿದ್ದಳು.

ನೀರು ಬಿತ್ತು. ಹೊಸ್ತಿಲು ಬಾಯಿ ಬಿಟ್ಟಿತು. ಆಗ ತಾನೆ ಮಾತು ಕಲಿತ ಮಗುವಿನ ದನಿ. ಸಿದ್ದಾಜಮ್ಮ ಚಿಕ್ಕವಳಾಗಿದ್ದಾಗ ಹೀಗೆಯೇ ಮಾತಾಡಿರಬೇಕು.

"ಅಮ್ಮ ಹೋದ್ಲು. ಬೂದಿ. ಅಮ್ಮ ಬಂದ್ಲು. ಬೇಳೆ. ಅಮ್ಮ ಹೋದ್ಲು. ಅಮ್ಮ ಬಂದ್ಲು. ಬೆಲ್ಲ. ತುಪ್ಪ. ಅಮ್ಮ ಹೋದ್ಲು. ಪಾತ್ರೆ ತುಂಬ ಒಬ್ಬಟ್ಟು."

ಹಜಾರದಲ್ಲಿ ಕೆಲವರು ನಕ್ಕರು. ಮಗುವಿನ ಮಾತು ಕೇಳಿದರೆ ನಗು ಬರುತ್ತದಲ್ಲ, ಹಾಗೆ. ಮೇಡಂ ಅದಕ್ಕೂ ಹಿಂದಿನದು ಹೇಳು ಎಂದರು.

"ಗೊತ್ತಿಲ್ಲ" ಎಂದಿತು ಹೊಸ್ತಿಲು. ಮತ್ತೆ ಕೇಳಿದರು. ಮತ್ತೆ ಗೊತ್ತಿಲ್ಲ ಎಂದಿತು.

ಮೇಡಂ ಸಿದ್ದಾಜಮ್ಮನ ಕಡೆ ತಿರುಗಿದರು. "ಇದು ನಿಮ್ಮನೇದೇ ಏನಮ್ಮ?"

"ನಮ್ಮನೇದೆ ತಾಯಿ."

"ಹಳೇ ಹೊಸ್ತಿಲು ಎಲ್ಲಿ?"

"ಕಿತ್ತದ್ದನ್ನ ಮನೇಲಿ ಇಟ್ಕೋಬಾರ್ದಲ್ವಾ. ಒಲೆಗೆ ಹಾಕ್ದೆ." ಅವಳ ದನಿ ಸಣ್ಣಗಾಯಿತು. "ಇದಕ್ಕೆ ಏನೂ ಗೊತ್ತಿರಲ್ಲ. ಏನೂ ಇಲ್ಲ ಅಂತ ಹೇಳುತ್ತೆ. ಏನೂ ಇಲ್ಲ ಅಂದ್ರೆ ಮನೇಲಿ ಏನೂ ಇಲ್ಲ ಅಂತ ನಿಮಗೆ ತಿಳಿಯುತ್ತೆ ಅಂದ್ಕೊಂಡೆ."

ನಾನು ಎದ್ದು ನಿಂತೆ. ಈ ಮನೆಯ ಸ್ಥಿತಿ ನಾನು ಹೇಳುತ್ತೇನೆ, ಒಬ್ಬಟ್ಟು ಮಾಡಿದ್ದು ಅದೊಂದೇ ದಿನ, ಅದರಲ್ಲಿ ನಾನೂ ತಿಂದಿದ್ದೇನೆ, ಉಳಿದ ದಿನ ಆ ಒಲೆ ಹೊತ್ತಿಕೊಳ್ಳುವುದೇ ಒಂದು ಹೊತ್ತು ಎಂದು ಜೋರಾಗಿ ಹೇಳಿದೆ. ಗೋಡೆಯಾಚೆ ಇರುವವಳಿಗಿಂತ ಬೇರೆ ಸಾಕ್ಷಿ ಬೇಕೇ ಎಂದೂ ಕೇಳಿದೆ.

"ನಿಮ್ಮ ಮಾತು ನಂಬ್ತೀನಮ್ಮ" ಎಂದರು ಮೇಡಂ. "ಆದ್ರೆ ಇಲ್ಲಿ ಬಾಯಿ ಮಾತು ನಡೆಯಲ್ಲ. ನೀವು ಬಂದಿರೋದು ಈ ಹೊಸ್ತಿಲು ಈ ಮನೇದು ಅಂತ ಹೇಳೋಕೆ ಅಷ್ಟೇ. ಅಲ್ಲ ಅಂತೀರಾ?"

ಅಲ್ಲ ಎಂದರೆ ಮೋಸವೆಂದು ಹುಡುಗಿಯ ಸೀಟೇ ಹೋಗುತ್ತಿತ್ತು. ಹೌದು ಎಂದರೆ ಅದು ಒಬ್ಬಟ್ಟಿನ ಮನೆಯಾಗುತ್ತಿತ್ತು. ನಾನು ಹೌದು ಎಂದೆ.

"ಹಂಗಾದ್ರೆ ಈ ವರ್ಷ ಕೊಡೋಕಾಗಲ್ಲ. ಹೊಸ್ತಿಲು ಹಳೇದಾಗ್ಲಿ. ಆಮೇಲೆ ತನ್ನಿ."

"ಎಷ್ಟು ಹಳೇದಾಗ್ಬೇಕು ಮೇಡಂ?" ಎಂದು ಕೋಮಲ ಕೇಳಿದಳು.

"ಅದಕ್ಕೆ ಹೇಳೋಕೆ ಏನಾದ್ರೂ ಸಿಗೋವರೆಗೆ ಕಣಮ್ಮ" ಎಂದರು ಮೇಡಂ. ಹಾಗೆ ಹೇಳುವಾಗ ಅವರು ಹುಡುಗಿಯ ಮುಖ ನೋಡಲಿಲ್ಲ.

ಹೊಸ್ತಿಲನ್ನು ಹೊತ್ತುಕೊಂಡು ವಾಪಸು ಬಂದೆವು. ಬಡಗಿ ಬಂದು ಅದನ್ನು ಮತ್ತೆ ಬಾಗಿಲಿಗೆ ಕೂರಿಸಿ ಹೋದ. ಸಿದ್ದಾಜಮ್ಮ ಗೋಡೆಗೆ ಒರಗಿ ಕೂತಳು. ಕೋಮಲ ಅಮ್ಮನ ಎದುರಿಗೆ ಕೂತಳು. ನಾನು ಎದ್ದು ಹೋಗಬೇಕೆಂದುಕೊಂಡೆ, ಹುಡುಗಿ ನನ್ನ ಸೆರಗು ಹಿಡಿದು ಕೂರಿಸಿದಳು.

"ಅಪ್ಪ ಬರ್ತಿರ್ಲಿಲ್ಲ ಅಂತ ನನಗೆ ಗೊತ್ತಿತ್ತಮ್ಮ" ಎಂದಳು.

ಸಿದ್ದಾಜಮ್ಮ ತಲೆ ಎತ್ತಿದಳು.

"ಚಪ್ಪಲಿ ತಂದ ದಿನ ನಾನು ಎದ್ದಿದ್ದೆ. ಕಣ್ಣು ಮುಚ್ಕೊಂಡು ಮಲಗಿದ್ದೆ, ಅಪ್ಪನ್ನ ಹಿಡ್ಕೋಬೇಕು ಅಂತ. ನೀನೇ ಬಾಗಿಲು ತೆಗೆದೆ, ನೀನೇ ಹಾಕ್ದೆ. ಚಪ್ಪಲಿ ಇಟ್ಟು ನನ್ನ ತಲೆ ಸವರಿದ್ದೂ ನೀನೇ. ನಿನ್ನ ಕೈ ಹುಣಸೇಹಣ್ಣಿನ ವಾಸನೆ."

"ಮತ್ತೆ ಯಾಕೆ ಮಗ ಹೇಳ್ಲಿಲ್ಲ?"

"ನೀನು ಅಷ್ಟು ಆಸೆಯಿಂದ ತರ್ತಿದ್ದೆ. ಹೇಳಿದ್ರೆ ನಿಲ್ಲಿಸಿಬಿಡ್ತಿದ್ದೆ."

ಸಿದ್ದಾಜಮ್ಮ ಅಳಲಿಲ್ಲ. ಅಳು ಬಂದದ್ದು ನನಗೆ. ತಾಯಿ ಮಗಳನ್ನು ಕಾಪಾಡಿದಳು, ಮಗಳು ತಾಯಿಯನ್ನು ಕಾಪಾಡಿದಳು, ಹಾಗೆ ಕಾಪಾಡುವ ಭರದಲ್ಲಿ ಇದ್ದ ಒಂದೇ ದಾರಿ ಬೆಂಕಿಗೆ ಹೋಯಿತು. ಯಾರನ್ನು ಬೈಯುವುದೆಂದು ತಿಳಿಯದೆ ನಾನು ಕೂತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಕೋಮಲ ಹೇಳಿದಳು, "ಸ್ಕಾಲರ್‌ಶಿಪ್ ಬೇಕಿತ್ತು, ನಿಜ. ಅದರ ಜೊತೆಗೆ ಇನ್ನೊಂದು ಕೇಳ್ಬೇಕಿತ್ತು. ಅಪ್ಪ ಹೊಸ್ತಿಲು ದಾಟಿದ ಮೇಲೆ ಒಂದು ಸಲ ಆದ್ರೂ ತಿರುಗಿ ಒಳಗೆ ಕಾಲಿಟ್ನಾ ಅಂತ. ನಾನು ಅಳ್ತಿದ್ನಂತಲ್ಲ ಆವಾಗ, ನೀವಿಬ್ರೂ ಒಂದಿನ ಮಾತಾಡ್ಕೊಂಡದ್ದು ಕೇಳಿಸ್ಕೊಂಡಿದ್ದೆ. ಹಳೇ ಹೊಸ್ತಿಲಿಗೆ ಮಾತ್ರ ಅದು ಗೊತ್ತಿತ್ತು."

ಸಿದ್ದಾಜಮ್ಮ ಒಲೆಯ ಕಡೆ ನೋಡಿದಳು. ಬೂದಿಯನ್ನು ಅವಳು ಎಂದಿನಂತೆ ಛತ್ರಕ್ಕೆ ಒಯ್ದು ಪಾತ್ರೆ ಬೆಳಗಿ ಮುಗಿಸಿದ್ದಳು.

"ನಾನೂ ಆವತ್ತು ಇರ್ಲಿಲ್ಲ ಮಗ. ನನಗೂ ಅದೊಂದು ತಿಳ್ಕೋಬೇಕು ಅಂತಿತ್ತು" ಎಂದಳು.

"ಉರಿಯುವಾಗ ಏನಾದ್ರೂ ಅಂದಿತಾ?"

"ಇಲ್ಲ. ಒಣಗಿದ ಮರ. ಬೇಗ ಉರೀತು."

ಕಾಲೇಜು ಶುರುವಾಯಿತು. ಕೋಮಲನ ಸೀಟು ಯಾರಿಗೋ ಹೋಯಿತು. ಅವಳು ಈಗ ಅಮ್ಮನ ಜೊತೆ ಛತ್ರಕ್ಕೆ ಹೋಗುತ್ತಾಳೆ. ಹಿತ್ತಾಳೆ ಯಾಕೆ ಹೊಳೆಯುತ್ತದೆಂದು ಯಾರನ್ನೂ ಕೇಳುವುದಿಲ್ಲವಂತೆ, ಅಡುಗೆಯವರೇ ನನಗೆ ಹೇಳಿದರು.

ಒಂದು ಮಧ್ಯಾಹ್ನ ಅವರು ಬಳಲಿ ಬಂದದ್ದು ಕಂಡು ಒಂದು ಬಟ್ಟಲು ಸಾರು, ನಾಲ್ಕು ಮುದ್ದೆ ಮಾಡಿ ತಟ್ಟೆಯಲ್ಲಿಟ್ಟುಕೊಂಡು ಹೋದೆ. ಬಾಗಿಲಲ್ಲಿ ಕಾಲಿಡುವಷ್ಟರಲ್ಲಿ ಸಿದ್ದಾಜಮ್ಮ ಒಳಗಿನಿಂದ ಕೈ ಅಡ್ಡ ಮಾಡಿದಳು.

"ಒಳಗೆ ತರಬೇಡಿ ಲೀಲಕ್ಕ. ಅದು ನೋಡುತ್ತೆ."

ನನಗೆ ಮೊದಲು ಅರ್ಥವಾಗಲಿಲ್ಲ. ಅವಳು ಹೊಸ್ತಿಲ ಕಡೆ ಕಣ್ಣು ತೋರಿಸಿದಳು. ನಾನು ಕೋಪದಿಂದ, "ನಾನು ಕೊಟ್ಟ ಮುದ್ದೆನೂ ಲೆಕ್ಕಕ್ಕೆ ಬರುತ್ತಾ?" ಎಂದೆ. ಬರುತ್ತದೆ ಎಂದಳು. ಮೇಡಂ ಕೇಳುವಾಗ ಬಂದದ್ದು ಮುದ್ದೆ ಎನ್ನುತ್ತದೆಯೇ ಹೊರತು ಅದನ್ನು ಯಾಕೆ ಕೊಟ್ಟರು ಎನ್ನುವುದಿಲ್ಲ ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ತಟ್ಟೆ ಹಿಡಿದುಕೊಂಡು ನಾನು ಬೀದಿಯಲ್ಲಿ ನಿಂತೆ.

ಆಗ ತಾಯಿ ಮಗಳು ಇಬ್ಬರೂ ಹೊರಗೆ ಬಂದರು. ಮಟಮಟ ಮಧ್ಯಾಹ್ನ, ಬೀದಿ ತುಂಬ ಜನ. ಮಗಳು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು. ಇಬ್ಬರೂ ನಿಂತುಕೊಂಡೇ, ಎಲ್ಲರೂ ನೋಡುತ್ತಿರುವಂತೆಯೇ, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತಿಂದರು. ಒಂದು ಮಾತು ಹೊರಗೆ ಬೀಳಬಾರದೆಂದು ಮನೆಯ ಹೊಸ್ತಿಲನ್ನೇ ಸುಟ್ಟವಳು ಸಿದ್ದಾಜಮ್ಮ. ಈಗ ಅವಳು ಯಾರಿಗೂ ತಲೆ ತಗ್ಗಿಸಲಿಲ್ಲ. ಅವತ್ತಿನಿಂದ ಅವರಿಗೆ ಏನು ಕೊಟ್ಟರೂ ಹೊರಗೇ ಕೊಡುತ್ತೇವೆ, ಅವರು ಹೊರಗೇ ತಿನ್ನುತ್ತಾರೆ. ತಿಂದು, ಬೀದಿಯ ನಲ್ಲಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ತಾಯಿ ಮಗಳು ಬರಿಗೈಯನ್ನು ಅಗಲಿಸಿ ಹಿಡಿದು ಹೊಸ್ತಿಲು ದಾಟುತ್ತಾರೆ. ಅದು ಕಲಿಯಲಿ ಎಂದು ನಿಧಾನವಾಗಿ ದಾಟುತ್ತಾರೆ.